ಊರು ತೋರಿಸುವ ಶಾಸ್ತ್ರ

ಬಲ್ಲಾಳಕೆರೆ ಪಟ್ಟಣ ಪಂಚಾಯಿತಿ ಕಚೇರಿಗೆ ಯಾವತ್ತು ಹೋದರೂ ಮುಖ್ಯಾಧಿಕಾರಿಗಳ ಕೊಠಡಿಯಲ್ಲಿ ದೊಡ್ಡದೊಂದು ತಿರುಗುವ ಕುರ್ಚಿ ಖಾಲಿ ಬಿದ್ದಿರುತ್ತದೆ. ಅದರ ಪಕ್ಕದಲ್ಲಿ ಒಂದು ಮರದ ಕುರ್ಚಿ, ಆ ಕುರ್ಚಿಯ ಮೇಲೊಂದು ಚಪ್ಪಟೆಯಾದ ದಿಂಬು, ದಿಂಬಿನ ಮೇಲೆ ಹಣೆತುಂಬ ವಿಭೂತಿ ಇಟ್ಟ ಸಣಕಲು ಆಳು. ಅವರೇ ಷಡಕ್ಷರಪ್ಪ. ಕಚೇರಿಯ ಮ್ಯಾನೇಜರು. ಮುಖ್ಯಾಧಿಕಾರಿ ಇಲ್ಲದಾಗ ಆ ಹುದ್ದೆಯ ಪ್ರಭಾರವೂ ಅವರ ತಲೆಯ ಮೇಲೆಯೇ. ಇಲ್ಲದಾಗ ಅನ್ನುವುದೆಲ್ಲ ಹೆಸರಿಗೆ ಮಾತ್ರ, ಇದ್ದದ್ದು ಯಾವಾಗ ಎಂದು ಕೇಳಬೇಕು. ತಿರುಗುವ ಕುರ್ಚಿಯಲ್ಲಿ ಅವರು ಒಂದು ದಿನವೂ ಕೂತವರಲ್ಲ. ಕೂತರೆ ಅದು ತನ್ನದೇ ಆಗಿಬಿಡುತ್ತದೆ ಎಂಬ ಭಯ.

ಬಲ್ಲಾಳಕೆರೆ ಇರುವುದು ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಕಡೆಗೆ. ಹೊಯ್ಸಳರ ಕಾಲದ ಒಂದು ದೇವಸ್ಥಾನ, ಹುಲಿಕೆರೆಯಲ್ಲಿರುವಂಥದ್ದೇ ಮೆಟ್ಟಿಲ ಕಲ್ಯಾಣಿ, ಸುತ್ತ ತೆಂಗಿನ ತೋಟ, ಇಷ್ಟೇ ಊರು. ಬೇಲೂರು ಹಳೇಬೀಡಿಗೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ ಮೇಲೆ ನೋಡಲು ಬರುವವರ ಗಾಡಿಗಳು ಈ ದಾರಿಗೂ ತಿರುಗಿದವು. ತೋಟಗಳು ಸೈಟುಗಳಾದವು, ಲಾಡ್ಜು ಬಂತು, ಹೋಟೆಲು ಬಂತು, ಗ್ರಾಮ ಪಂಚಾಯಿತಿ ಬೋರ್ಡು ಇಳಿಸಿ ಪಟ್ಟಣ ಪಂಚಾಯಿತಿ ಬೋರ್ಡು ಏರಿಸಿದರು. ಊರು ಬೆಳೆಯಿತು, ನೀರು ಬೆಳೆಯಲಿಲ್ಲ. ವಾರಕ್ಕೊಂದು ಸಲ ನಲ್ಲಿಯಲ್ಲಿ ನೀರು ಬಂದರೆ ಬೀದಿಯವರು ಹಬ್ಬ ಮಾಡುತ್ತಾರೆ. ಹೊಸ ಪೈಪು ಹಾಕೋಣವೆಂದರೆ ಅರ್ಧ ಊರು ದೇವಸ್ಥಾನಕ್ಕೆ ಅಂಟಿಕೊಂಡಿದೆ, ಗುದ್ದಲಿ ಮುಟ್ಟಿಸುವ ಮೊದಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅನುಮತಿಗೆ ಬೆನ್ನು ಹತ್ತಿ ಓಡಾಡುವುದಕ್ಕೆ ಒಬ್ಬ ಗಟ್ಟಿ ಅಧಿಕಾರಿ ಬೇಕು. ಅವರೇ ಇಲ್ಲವಲ್ಲ!

ಬಂದವರೇ ಇಲ್ಲವೆಂದಲ್ಲ. ಒಬ್ಬರು ಮೈಸೂರು ಪೇಟ ಇಡಿಸಿಕೊಂಡು, ಹಾರ ಹಾಕಿಸಿಕೊಂಡು, ಓಲಗದ ಜೊತೆ ಬಂದು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ಹೊತ್ತಿಗೆ ಕೊಠಡಿಯ ತುಂಬ ಅರ್ಜಿ ಹಿಡಿದ ಜನ. ಸಾಹೇಬರಿಗೆ ಹೊಟ್ಟೆನೋವು ಬಂತು, ರಜೆ ಹಾಕಿದರು, ರಜೆಯಲ್ಲಿದ್ದುಕೊಂಡೇ ಬೇರೆ ಕಡೆ ವರ್ಗ ಮಾಡಿಸಿಕೊಂಡರು. ಇನ್ನೊಬ್ಬರು ಹಾಸನಕ್ಕೆ ಮೀಟಿಂಗಿಗೆ ಎಂದು ಹೋದವರು ಇವತ್ತಿನವರೆಗೂ ಮೀಟಿಂಗಿನಲ್ಲೇ ಇದ್ದಾರೆ. ಮತ್ತೊಬ್ಬರಂತೂ ಬಸ್‌ಸ್ಟ್ಯಾಂಡಿನ ಚರಂಡಿ ನೋಡಿ ಕಾರಿನಿಂದಲೇ ಇಳಿಯಲಿಲ್ಲ. ಪ್ರತಿ ಸಲವೂ ಹಾರ ಬಾಡುವ ಮೊದಲೇ ಪ್ರಭಾರ ತಿರುಗಿ ಷಡಕ್ಷರಪ್ಪನವರ ಹೆಗಲಿಗೆ.

ಆ ಹೆಗಲು ಸೋತಿತ್ತು. ಸೋತಿತ್ತು ಎಂದರೆ ಸಾಲದು, ಬಳಲಿ ಬೆಂಡಾಗಿತ್ತು. ಸಾವಿನ ಮನೆಗೆ ಹೋದರೆ ಹೆಣದ ಪಕ್ಕ ಅಳುತ್ತಿದ್ದವರು ಸೆರಗಿನಲ್ಲಿ ಮೂಗೊರೆಸಿಕೊಂಡು, "ಸಾರ್, ನಮ್ಮ ಬೀದಿ ಲೈಟು ಉರೀತಿಲ್ಲ," ಅನ್ನುತ್ತಿದ್ದರು. ಕ್ಷೌರಕ್ಕೆ ಕೂತರೆ ಅರ್ಧ ಗಡ್ಡ ಹೆರೆದು ಕತ್ತಿ ಹಿಡಿದುಕೊಂಡೇ, "ಖಾತೆ ಯಾವಾಗ ಮಾಡಿಕೊಡ್ತೀರಿ?" ಎಂದು ಕೇಳುತ್ತಿದ್ದರು. ಆ ಗಳಿಗೆಯಲ್ಲಿ ಯಾರು ತಾನೇ ಆಗುವುದಿಲ್ಲ ಎಂದಾರು? ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅಲ್ಲಿಯವರೆಗೆ ಕಾಯಲಾರದೆ ಸ್ವಯಂ ನಿವೃತ್ತಿಗೆ ಬರೆದುಕೊಂಡರು. ಪ್ರಭಾರ ವಹಿಸಿಕೊಳ್ಳುವವರು ಬಂದ ಮೇಲೆ ಪರಿಶೀಲಿಸಲಾಗುವುದು ಎಂದು ಮೇಲಿನಿಂದ ಉತ್ತರ ಬಂತು.

ಇದೆಲ್ಲವನ್ನೂ ಅವರು ಹೇಗೋ ನುಂಗಿಕೊಂಡಿದ್ದರು. ನುಂಗಲಾರದ್ದು ನಡೆದದ್ದು ಮಗಳು ಸಿಂಧುವಿನ ಮಗುವಿನ ನಾಮಕರಣದ ದಿನ. ಅರಸೀಕೆರೆಯಲ್ಲಿ ಮಗಳ ಮನೆ. ಬೆಳಗ್ಗೆ ಹೊರಟವರಿಗೆ ದಾರಿಯಲ್ಲಿ ಪೈಪು ಒಡೆದ ಸುದ್ದಿ ಬಂದು, ಅರ್ಧ ದಾರಿಯಿಂದ ಹಿಂದಿರುಗಿ, ಅದನ್ನು ಸರಿ ಮಾಡಿಸಿ ತಿರುಗಿ ಹೋಗುವಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಮಗುವಿನ ಹೆಸರೇನಿಟ್ಟಿರಿ ಎಂದು ಅಡುಗೆಯವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಹೆಂಡತಿ ವಿಶಾಲಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

"ನಮ್ಮೂರು ಗಂಡಸಿಗೆ ನನ್ನ ನೋಡೋಕೆ ಬಂದಾಗ ನಿಮ್ಮ ದೊಡ್ಡಪ್ಪ ಏನಂದಿದ್ರು, ನೆನಪಿದೆಯೇನ್ರೀ?" ಎಂದು ಕೇಳಿದರು. "ಹುಡುಗಂದು ಆಫೀಸು ಕೆಲಸ, ಸಂಜೆ ಐದೂವರೆಗೆಲ್ಲ ಮನೇಲಿರ್ತಾನೆ ಅಂದಿದ್ರು. ಆ ಐದೂವರೇನ ನಾನು ಇವತ್ತಿನವರೆಗೂ ಕಾಯ್ತಿದ್ದೀನಿ. ಸಾಕಾಯ್ತು. ಆ ಪ್ರಭಾರ ಇಳಿಸಿ ಬನ್ನಿ, ಒಟ್ಟಿಗೆ ಹೋಗೋಣ. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ."

ಷಡಕ್ಷರಪ್ಪ ಒಬ್ಬರೇ ಬಸ್ಸು ಹತ್ತಿದರು. ಆಮೇಲೆ ಅವರ ಊಟ ತಿಂಡಿ ಎಲ್ಲ ಹೋಟೆಲಿನಲ್ಲಿ. ಮನೆಯಲ್ಲಿ ರಾಗಿ ಹಿಟ್ಟಿನ ಡಬ್ಬ ಇಟ್ಟಲ್ಲೇ ಇತ್ತು. ಫೋನು ಮಾಡಿ ವಿಶಾಲಮ್ಮ, "ಊಟ ಆಯ್ತಾ?" ಅಂದರೆ, "ಆಯ್ತು, ಮುದ್ದೆ ಮಾಡ್ಕೊಂಡೆ," ಅನ್ನುವರು. ಮುದ್ದೆ ತೊಳಸುವ ಕೋಲು ಎಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹೇಮಾಶ್ರೀ ಎಂಬ ಮುಖ್ಯಾಧಿಕಾರಿಯ ಸುದ್ದಿ ಬಂತು. ಬೇರೆ ಜಿಲ್ಲೆಯಲ್ಲಿ ಒಳ್ಳೆಯ ಕೆಲಸ ಮಾಡಿ ಹೆಸರು ತಗೊಂಡವರು. ಗಂಡನ ಮನೆ ಬಿಕ್ಕೋಡಿನ ಕಡೆ, ಹಾಗಾಗಿ ಈ ಕಡೆಗೆ ವರ್ಗ ಕೇಳುತ್ತಿದ್ದಾರಂತೆ. ಸರ್ಕಾರ ಹಾಕುವುದೇನೋ ಹಾಕುತ್ತದೆ, ಬರುವವರಿಗೆ ಮನಸ್ಸಿಲ್ಲದಿದ್ದರೆ ನಿಲ್ಲುವುದಿಲ್ಲ, ಅದು ಊರಿಗೆಲ್ಲ ಪಾಠವಾಗಿತ್ತು. ಒಬ್ಬರು ತಾವಾಗಿ ಒಪ್ಪಿ ಬಂದರೆ ಬಂದಂತೆ. ಷಡಕ್ಷರಪ್ಪ ಫೋನು ಮಾಡಿ, ಒಂದು ಸಲ ಊರು ನೋಡಿಕೊಂಡು ಹೋಗಿ ಮೇಡಂ ಎಂದು ಅಂಗಲಾಚಿದರು. ಆಕೆ ಒಪ್ಪಿಕೊಂಡರು.

ಪಂಚಾಯಿತಿ ಅಧ್ಯಕ್ಷೆ ಅರುಣಾ ಚುರುಕು ಹೆಂಗಸು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿ ಪಳಗಿದವರು. "ಸಾರ್, ಇದು ಹೆಣ್ಣು ನೋಡೋಕೆ ಬರೋ ಹಂಗೇನೇ," ಅಂದರು. "ಬಂದೋರಿಗೆ ನಡುಮನೇಲಿ ಚಾಪೆ ಹಾಸಿ ಕೂರಿಸ್ತೀವೋ, ಇಲ್ಲ ಹಿತ್ತಲಿಗೆ ಕರ್ಕೊಂಡೋಗಿ ಕೊಚ್ಚೆ ತೋರಿಸ್ತೀವೋ? ಮೊದಲು ಒಪ್ಪಿಗೆ ಆಗ್ಲಿ. ಆಮೇಲೆ ಕೊಚ್ಚೆ ತಾನಾಗೇ ಕಾಣುತ್ತೆ."

ಷಡಕ್ಷರಪ್ಪನವರಿಗೆ ಇದು ಸರಿ ಕಂಡಿತು. ಇಷ್ಟು ದಿನ ಬಂದವರೆಲ್ಲ ನೋಡಬಾರದ್ದನ್ನು ಮೊದಲು ನೋಡಿ ಓಡಿಹೋದವರು ತಾನೇ?

ಅಂತೂ ಊರಿಗೆ ಊರೇ ಸಿಂಗರಿಸಿಕೊಂಡಿತು. ಬಸ್‌ಸ್ಟ್ಯಾಂಡಿನ ಚರಂಡಿಗೆ ಚಪ್ಪಡಿ ಮುಚ್ಚಿಸಿದರು. ಕಲ್ಯಾಣಿಯಲ್ಲಿ ತೇಲುತ್ತಿದ್ದ ಬಾಟಲಿಗಳನ್ನು ಹೆಕ್ಕಿಸಿದರು. ಕಸವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿ ಗುಡ್ಡದ ಆಚೆಗೆ ಸಾಗಿಸಿದರು. ನೀರು ಬಿಡುವ ಮರಿಯಣ್ಣ ಎಲ್ಲ ಬೀದಿಗಳ ವಾಲ್ವು ಮುಚ್ಚಿ, ಆಕೆ ನಡೆದು ಬರುವ ಕೋಟೆ ಬೀದಿಗೆ ಮಾತ್ರ ತಿರುಗಿಸಿದ. "ಬೇರೆ ಬೀದಿಯೋರು ನನ್ನ ಚರ್ಮ ಸುಲೀತಾರೆ ಸಾ," ಎಂದು ಹೆದರಿದ್ದ. ಸುಲಿಯಲಿಲ್ಲ. ಖಾಲಿ ಕೊಡ ಹಿಡಿದ ಹೆಂಗಸರೇ, "ಇರ್ಲಿ ಬಿಡಣ್ಣ, ಒಬ್ಬರು ಗಟ್ಟಿಯಾಗಿ ನಿಂತ್ರೆ ಸಾಕು," ಎಂದರು. ಮನೆಮನೆಯ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟರು. ಜಗಳಗಂಟಿಯರೆಂದು ಹೆಸರಾದವರೂ ಅವತ್ತು ಸುಮ್ಮನಿದ್ದರು.

ಹೆದರಿಕೆ ಇದ್ದದ್ದು ತಮ್ಮಯ್ಯನದೊಂದೇ. ತಮ್ಮಯ್ಯ ಕೊಬ್ಬರಿ ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತ ಮೇಲೆ ಪಂಚಾಯಿತಿ ಕಚೇರಿಯನ್ನೇ ಅಂಗಡಿ ಮಾಡಿಕೊಂಡಿದ್ದ ಹಿರಿಯ. ದಿನಾ ಬೆಳಗ್ಗೆ ಬಂದು ಷಡಕ್ಷರಪ್ಪನವರ ಎದುರು ಕೂತು, ನೀರಿಂದ ಹಿಡಿದು ನಾಯಿಕಾಟದವರೆಗೆ ಒಂದೊಂದಾಗಿ ಬಯ್ದು, ಅವರ ಲೆಕ್ಕದಲ್ಲೇ ಕಾಫಿ ಕುಡಿದು ಹೋಗುವುದು ಅವನ ಪದ್ಧತಿ. ಷಡಕ್ಷರಪ್ಪ ಕೈ ಮುಗಿದರು.

"ತಮ್ಮಯ್ಯನೋರೆ, ಅವತ್ತೊಂದು ದಿನ ಬಾಯಿ ಬಿಗಿ ಹಿಡೀರಿ. ಹಿಡಿಯೋಕಾಗದೆ ಇದ್ರೆ ಏನಾದ್ರೂ ಒಳ್ಳೇದು ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಳ್ಳೇದಾ? ಈ ಊರಲ್ಲಿ?" ಎಂದು ತಮ್ಮಯ್ಯ ತಲೆ ಕೆರೆದುಕೊಂಡ. "ಹುಡುಕಿ ನೋಡ್ತೀನಿ ಬಿಡಿ ಸಾ. ಏನಾದ್ರೂ ಐತಾ ಅಂತ."

ಹೇಮಾಶ್ರೀ ಬಂದರು. ನೂಲಿನ ಸೀರೆ, ಕೈಯಲ್ಲಿ ಒಂದು ನೀರಿನ ಬಾಟಲಿ, ಮಾತು ಕಡಿಮೆ. ಅರುಣಾ ಅವರ ಮನೆಯಲ್ಲಿ ಅವರೆಕಾಳು ಉಪ್ಪಿಟ್ಟು, ಕೇಸರಿಬಾತು, ಮೇಲೆ ಕಾಫಿ. ಕೋಟೆ ಬೀದಿಯಲ್ಲಿ ನಡೆದು ಹೋಗುವಾಗ ಆಕೆ ಒಂದು ನಲ್ಲಿಯನ್ನು ತಾವೇ ತಿರುಗಿಸಿದರು. ಬುಸ್ಸೆಂದು ನೀರು ಚಿಮ್ಮಿ ಸೀರೆಯೆಲ್ಲ ಒದ್ದೆಯಾಯಿತು. ದೂರದಲ್ಲಿ ನಿಂತಿದ್ದ ಮರಿಯಣ್ಣ ಆಕಾಶ ನೋಡಿದ.

"ಪ್ರೆಶರ್ ಚೆನ್ನಾಗಿದೆಯಲ್ಲ," ಎಂದರು ಹೇಮಾಶ್ರೀ.

ದೇವಸ್ಥಾನದ ಜಗತಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತರು. ಜನ ದೂರ ನಿಂತಿದ್ದಾಗ ಷಡಕ್ಷರಪ್ಪನವರನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಸರ್, ನೀವು ಹಿರಿಯರು. ಒಳಗೇನಾದ್ರೂ ತೊಂದರೆ ಇದ್ರೆ ಈಗಲೇ ಹೇಳಿಬಿಡಿ. ನನಗೇನೂ ಬೇಜಾರಿಲ್ಲ."

ಷಡಕ್ಷರಪ್ಪನವರ ಬಾಯಿಗೆ ಎಲ್ಲವೂ ಬಂತು. ನೀರು, ಪೈಪು, ಗುಡ್ಡದಾಚೆಯ ಕಸ, ಮೀಟಿಂಗಿಗೆ ಹೋದ ಸಾಹೇಬರು, ಎಲ್ಲವೂ. ಎಷ್ಟೋ ಕಾಲದ ಮೇಲೆ ಅವರನ್ನು ಯಾರೋ ತೊಂದರೆಯೇನು ಎಂದು ಕೇಳಿದ್ದರು, ತಮ್ಮ ತೊಂದರೆ ಹೇಳಿಕೊಳ್ಳುವುದರ ಬದಲು. ಆಚೆ ಅರುಣಾ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದರು. ಅರಸೀಕೆರೆಯಲ್ಲಿ ಕೂತಿರುವ ವಿಶಾಲಮ್ಮ ನೆನಪಾದರು. ಇದೊಂದು ಆಗಿಬಿಟ್ಟರೆ ನಾಳೆಯೇ ಹೋಗಿ ಕರೆತರಬಹುದು.

"ಏನೂ ಇಲ್ಲ ಮೇಡಂ," ಅಂದುಬಿಟ್ಟರು. "ಎಲ್ಲ ಸುಸೂತ್ರ. ನನಗೆ ವಯಸ್ಸಾಯ್ತು, ಅಷ್ಟೇ."

ಹಿಂದಿರುಗಿ ಹೋಗುವಾಗ ತಮ್ಮಯ್ಯ ಎದುರಾದ. ಮಡಿ ಪಂಚೆ, ಹೆಗಲ ಮೇಲೆ ಬಿಳೀ ಟವಲ್ಲು. ಹೇಮಾಶ್ರೀ ನಿಂತು, "ಏನಜ್ಜ, ಊರಲ್ಲಿ ಕಷ್ಟ ಏನಾದ್ರೂ ಇದೆಯಾ?" ಎಂದು ಕೇಳಿದರು.

ತಮ್ಮಯ್ಯ ಹೆಗಲ ಟವಲ್ಲು ಕೈಗೆ ತೆಗೆದುಕೊಂಡ. ಆಮೇಲೆ ಷಡಕ್ಷರಪ್ಪನವರ ಕಡೆ ಬೆರಳು ತೋರಿಸಿದ. "ಇವ್ರಿದಾರಲ್ಲ ತಾಯಿ, ಇವ್ರು ಇರೋಗಂಟ ನಮಗೇನ್ ಕಷ್ಟ? ಎಷ್ಟೊತ್ತಿಗ್ ಕರೆದ್ರೂ ಬತ್ತಾರೆ. ಬಾಯಿಗ್ ಬಂದಂಗ್ ಬಯ್ದ್ರೂ ಕಾಫಿ ಕೊಡಿಸ್ತಾರೆ. ಹೆತ್ತ ತಾಯಿ ಹಂಗೆ ಊರ ನೋಡ್ಕತಾವ್ರೆ."

ಸುತ್ತ ಇದ್ದವರೆಲ್ಲ ಹೌದು ಹೌದು ಎಂದರು. ಹೆಂಗಸೊಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅದು ಯಾರೂ ಹೇಳಿಕೊಟ್ಟದ್ದಲ್ಲ.

ಕಾರು ಹತ್ತುವಾಗ ಹೇಮಾಶ್ರೀ, "ಊರು ತುಂಬ ಚೆನ್ನಾಗಿದೆ. ಯೋಚನೆ ಮಾಡಿ ತಿಳಿಸ್ತೀನಿ ಸರ್," ಎಂದರು. ಅರುಣಾ ಅವರ ಮುಖ ಇಳಿಯಿತು. ಉಪ್ಪಿಟ್ಟು ತಿಂದು ತಿಳಿಸ್ತೀವಿ ಎಂದು ಹೋದವರು ಎಷ್ಟು ಜನ ತಿಳಿಸುತ್ತಾರೆ ಎಂಬುದು ಹೆಣ್ಣು ಹೆತ್ತವರಿಗೆ ಗೊತ್ತು.

ಮಾರನೆಯ ಬೆಳಗ್ಗೆ ತಮ್ಮಯ್ಯ ಎಂದಿನಂತೆ ಬಂದು ಕೂತ. ಷಡಕ್ಷರಪ್ಪ ಸಿಡಿದೆದ್ದರು. "ಅಲ್ರೀ, ಅಷ್ಟು ದೊಡ್ಡ ಊರಲ್ಲಿ ನಿಮಗೆ ಹೊಗಳೋಕೆ ನಾನೇ ಸಿಕ್ಕಿದ್ನಾ? ಗುಡಿ ಇತ್ತು, ಕಲ್ಯಾಣಿ ಇತ್ತು!"

"ನೀವೇ ತಾನೆ ಒಳ್ಳೇದ್ ಹೇಳಿ ಅಂದಿದ್ದು?" ಎಂದ ತಮ್ಮಯ್ಯ. ಅವನಿಗೂ ನೋವಾಗಿತ್ತು. "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ಸಾ. ಇನ್ನೇನ್ ಹೇಳಿದ್ರೂ ಸುಳ್ಳಾಗೋದು. ಅದೊಂದೇ ದಿಟ ಇದ್ದದ್ದು."

ಷಡಕ್ಷರಪ್ಪ ಇಬ್ಬರಿಗೂ ಕಾಫಿ ತರಿಸಿದರು. ತಮ್ಮಯ್ಯ ಅವತ್ತು ಯಾವುದನ್ನೂ ಬಯ್ಯದೆ ಕುಡಿದು ಎದ್ದುಹೋದ.

ಹೇಮಾಶ್ರೀ ಅವರ ಫೋನು ಬಂದದ್ದು ಅದೇ ವಾರದಲ್ಲಿ. ಹೇಳಿದಂತೆ ತಿಳಿಸಿದರು, ಅಷ್ಟರಮಟ್ಟಿಗೆ ಒಳ್ಳೆಯವರು. "ಸರ್, ಎರಡು ಊರಲ್ಲಿ ಯಾವುದು ಬೇಕು ಅಂತ ನನ್ನ ಕೇಳಿದ್ರು. ಇನ್ನೊಂದರ ಪರಿಸ್ಥಿತಿ ತುಂಬ ಕೆಟ್ಟದ್ದು, ಅದನ್ನೇ ಒಪ್ಕೊಂಡೆ. ನಿಮ್ಮೂರಿಗೆ ನಾನು ಬಂದು ಮಾಡೋದೇನಿದೆ ಹೇಳಿ? ಅಲ್ಲಿ ಯಾರೂ ಇಲ್ಲ, ಇಲ್ಲಿ ನೀವಿದ್ದೀರಿ."

ಷಡಕ್ಷರಪ್ಪ ಕುರ್ಚಿಯಿಂದ ಎದ್ದೇ ನಿಂತರು. "ಅಯ್ಯೋ, ಇಲ್ಲ ಮೇಡಂ! ನಮ್ಮಲ್ಲಿ ವಾರಕ್ಕೊಂದು ಸಲ ನೀರು ಬರೋದು! ಅವತ್ತು ಎಲ್ಲ ವಾಲ್ವು ಮುಚ್ಚಿಸಿ ನಿಮಗೆ ತೋರಿಸಿದ್ವಿ. ಕಸ ಗುಡ್ಡದ ಹಿಂದೆ ಇದೆ. ಚರಂಡಿ ಚಪ್ಪಡಿ ಕೆಳಗಿದೆ!"

ಆ ಕಡೆಯಿಂದ ನಗು ಕೇಳಿಸಿತು. "ನಿಮ್ಮದು ದೊಡ್ಡ ಗುಣ ಸರ್. ಬೇರೆಯವರಾಗಿದ್ರೆ ತಾವು ಮಾಡಿದ್ದನ್ನ ಹೇಳ್ಕೊಂಡು ತಿರುಗ್ತಿದ್ರು. ನಿಜವಾಗ್ಲೂ ಹಾಗಿದ್ದಿದ್ರೆ ಅವತ್ತೇ ಹೇಳ್ತಿದ್ರಿ, ನಾನೂ ಬರ್ತಿದ್ದೆ. ನನಗೆ ಅಂಥ ಊರೇ ಬೇಕು. ಜಿಲ್ಲಾ ಕಚೇರಿಯಲ್ಲಿ ನಿಮ್ಮ ಬಗ್ಗೆ ತುಂಬ ಹೇಳಿದ್ದೀನಿ."

ಹೇಳಿದ್ದರ ಫಲ ಬೇಗನೇ ಬಂತು. ಷಡಕ್ಷರಪ್ಪನವರು ನಿವೃತ್ತಿಯವರೆಗೂ ಪ್ರಭಾರದಲ್ಲಿ ಮುಂದುವರಿಯತಕ್ಕದ್ದು, ಅವರ ಸ್ವಯಂ ನಿವೃತ್ತಿಯ ಕೋರಿಕೆಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಕೈಬಿಡಲಾಗಿದೆ ಎಂದು ಆದೇಶ. ಊರಿನವರು ಕುಣಿದಾಡಿದರು. ಹೊಸ ಮೇಡಂಗೆಂದು ತಂದಿಟ್ಟಿದ್ದ ಶಾಲು ಹಾಳಾಗುವುದು ಬೇಡವೆಂದು ಇವರಿಗೇ ಹೊದಿಸಿ, ಹಾರ ಹಾಕಿ, ಕೈ ಹಿಡಿದು ತಿರುಗುವ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದರು. ಕುರ್ಚಿ ಕಿರ್ರೆಂದು ಒಂದು ಸುತ್ತು ತಿರುಗಿತು. ಷಡಕ್ಷರಪ್ಪನವರು ಅಳಬೇಕೋ ನಗಬೇಕೋ ತಿಳಿಯದೆ ಸುಮ್ಮನೆ ಕೈ ಮುಗಿದರು. ಫೋಟೋದಲ್ಲಿ ನಮಸ್ಕಾರ ಮಾಡಿದಂತೆ ಕಾಣುತ್ತದೆ.

ಭಾನುವಾರ ಅರಸೀಕೆರೆಗೆ ಹೋದರು. ಸಿಂಧುವಿನ ಮನೆಯ ಹಜಾರದಲ್ಲಿ ವಿಶಾಲಮ್ಮ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಗಂಡನ ಮುಖ ನೋಡಿದವರೇ, "ಆಗಲಿಲ್ಲ ಅನ್ನಿ," ಎಂದರು.

ಷಡಕ್ಷರಪ್ಪ ಎಲ್ಲವನ್ನೂ ಹೇಳಿದರು. ಚಪ್ಪಡಿ, ವಾಲ್ವು, ಉಪ್ಪಿಟ್ಟು, ತಮ್ಮಯ್ಯ, ಶಾಲು. ವಿಶಾಲಮ್ಮ ತಮ್ಮಯ್ಯನ ಮಾತಿಗೆ ಮಾತ್ರ ಕೈ ನಿಲ್ಲಿಸಿ ಕೇಳಿದರು.

"ಆಯಮ್ಮ ಅಷ್ಟು ಬಾಯಿಬಿಟ್ಟು ಕೇಳಿದಾಗ ನಿಜ ಹೇಳಬಾರದಿತ್ತಾ?"

"ಹೇಳಿದ್ರೆ ಎಲ್ಲಿ ಬರ್ತಾರೆ ಅಂದ್ಕೊಂಡೆ ಕಣೇ."

"ಹೇಳದೆ ಬಂದರಾ?" ವಿಶಾಲಮ್ಮ ಮಗುವನ್ನು ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದರು. ಗಂಡನ ಕಡೆ ನೋಡದೆ ಹೇಳಿದರು: "ನನಗೂ ಅವತ್ತು ನಿಜ ಹೇಳಿದ್ದಿದ್ರೆ ಬರ್ತಿದ್ದೆ ಕಣ್ರೀ. ಹೊತ್ತುಗೊತ್ತಿಲ್ಲದ ಕೆಲಸ, ಕಾಯಬೇಡ, ನಿನ್ನ ಪಾಡಿಗೆ ಉಂಡು ಮಲಕ್ಕೋ ಅಂದಿದ್ರೆ ಉಂಡು ಮಲಗ್ತಿದ್ದೆ. ಆ ಐದೂವರೆ ಅಂದ್ರಲ್ಲ, ಅದು ನನ್ನ ಕೊಂದುಹಾಕ್ತು. ದಿನಾ ಐದೂವರೆ ಆಗ್ತಿತ್ತು."

ಷಡಕ್ಷರಪ್ಪ ಹೆಂಡತಿಯ ಮುಂದೆ ಕೂತು ಇಂಥ ಮಾತು ಕೇಳಿಸಿಕೊಂಡು ಎಷ್ಟು ಕಾಲವಾಗಿತ್ತು! ಇನ್ಮೇಲೆ ಹಾಗಾಗೊಲ್ಲ, ಬೇಗ ಬರ್ತೀನಿ, ಮುಂದಿನ ತಿಂಗಳು ಸರಿಹೋಗುತ್ತೆ ಎಂದು ಸಮಾಧಾನ ಹೇಳಲು ನಾಲಿಗೆ ರೂಢಿಯಂತೆ ತಯಾರಾಯಿತು. ಅದನ್ನು ಕಚ್ಚಿ ಹಿಡಿದರು.

"ಹಾಗಾದ್ರೆ ಈಗ ಹೇಳ್ತೀನಿ ಕೇಳು," ಎಂದರು. "ಇನ್ನೂ ಎರಡು ವರ್ಷ ನಂಗೆ ಬಿಡುಗಡೆ ಇಲ್ಲ. ಐದೂವರೆಗೆ ಬರಲ್ಲ. ಎಂಟಕ್ಕೂ ಬರ್ತೀನೋ ಇಲ್ಲವೋ. ಬಂದ್ರೂ ಫೋನು ಬರುತ್ತೆ, ಎದ್ದು ಹೋಗ್ತೀನಿ. ನೀನಿಲ್ಲದ ಮನೆಗೆ ಹೋಗೋಕೆ ನಂಗೆ ಮನಸ್ಸೇ ಬರಲ್ಲ, ಅದಕ್ಕೇ ಕಚೇರೀಲಿ ಇನ್ನೂ ಹೊತ್ತು ಕೂರ್ತೀನಿ. ಬರ್ತೀಯಾ?"

ವಿಶಾಲಮ್ಮ ಮಗುವನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡರು.

"ಯೋಚನೆ ಮಾಡಿ ತಿಳಿಸ್ತೀನಿ," ಎಂದು ನೀರು ಹಾಕಲು ಒಳಗೆ ಹೋದರು.

ಮಧ್ಯಾಹ್ನದ ಬಸ್ಸಿನಲ್ಲಿ ಷಡಕ್ಷರಪ್ಪ ಕಿಟಕಿಗೆ ತಲೆಯಾನಿಸಿ ಕೂತರು. ಜಾವಗಲ್ಲು ಬರುವಷ್ಟರಲ್ಲಿ ಎರಡು ಫೋನು ಬಂದವು, ಎರಡೂ ನೀರಿನವು. ಮೂರನೆಯದಕ್ಕೆ ಹೆಸರು ನೋಡದೆಯೇ, "ಮರಿಯಣ್ಣಂಗೆ ಹೇಳಿದ್ದೀನಪ್ಪ, ಬಿಡ್ತಾನೆ," ಎಂದರು.

"ನಾನ್ರೀ," ಎಂದರು ವಿಶಾಲಮ್ಮ. "ಮನೇಲಿ ರಾಗಿ ಹಿಟ್ಟು ಹೇಗಿದೆ?"

ಚೆನ್ನಾಗಿದೆ ಎಂದು ಬಾಯಿಗೆ ಬಂದದ್ದನ್ನು ಷಡಕ್ಷರಪ್ಪ ತಡೆದರು. "ಹುಳ ಬಿದ್ದಿರುತ್ತೆ ಕಣೇ. ಡಬ್ಬ ತೆಗೆದೇ ಇಲ್ಲ. ನಾನು ಒಂದು ದಿನಾನೂ ಮುದ್ದೆ ಮಾಡ್ಕೊಂಡಿಲ್ಲ."

"ಗೊತ್ತಿತ್ತು ಬಿಡಿ. ನಾಳೆ ಇಲ್ಲಿಂದಾನೇ ಹಿಟ್ಟು ಬೀಸಿಸ್ಕೊಂಡು ಬರ್ತೀನಿ. ಸಂಜೆ ಐದೂವರೆಗೆ ಬಸ್ಸು ಅಲ್ಲಿಗೆ ಬರುತ್ತೆ."

ಷಡಕ್ಷರಪ್ಪ ಕಣ್ಣು ಮುಚ್ಚಿಕೊಂಡರು. ನಾಳೆ ಸೋಮವಾರ, ಸಂಜೆ ಪಂಚಾಯಿತಿ ಸಭೆ ಇತ್ತು.

"ಬಸ್‌ಸ್ಟ್ಯಾಂಡಿಗೆ ಬರೋಕೆ ನನ್ನ ಕೈಲಿ ಆಗಲ್ಲ ವಿಶಾಲೂ," ಎಂದರು.

"ಸರಿ," ಎಂದರು ವಿಶಾಲಮ್ಮ. "ಆಟೋದಲ್ಲಿ ಹೋಗ್ತೀನಿ. ಉಂಡು ಮಲಗಿರ್ತೀನಿ, ಬಂದಾಗ ಬಾಗಿಲು ತಟ್ಟಿ."